ಮೂರು ಬೇಸಿಗೆ ದಾಟಿಸಿದರೆ ಮರ

ಬೆಂಗಳೂರಿನ ಲಾಲ್‌ಬಾಗ್ ಸುತ್ತಿ ಬಂದ ಶಿರಾ ಸೀಮೆಯವರು ‘ನಮ್ಮೂರಲ್ಲೂ ಇಂಥದ್ದೊಂದು ಇರಬಾರದಿತ್ತೇ’ ಎಂದು ಹಲುಬುವುದುಂಟು. ಇತಿಹಾಸ ಹೇಳುವುದು ಉಲ್ಟಾ ಕತೆ. ಮೊಗಲರ ಸುಬಾದ (ಪ್ರಾಂತ್ಯದ) ಕೇಂದ್ರವಾಗಿದ್ದ ಶಿರಾದಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. 1760ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ಕೈಹಾಕಲು ಆ ತೋಟವೇ ಪ್ರೇರಣೆಯಾಗಿರಬೇಕು ಎನ್ನುತ್ತಾರೆ ಇತಿಹಾಸಕಾರರು. ಅಂದರೆ ಉದ್ಯಾನನಗರಿಗೆ ಉದ್ಯಾನದ ಪಾಠ ಹೋದದ್ದು ಬಯಲುಸೀಮೆಯಿಂದ.

ಆ ಬಯಲುಸೀಮೆಯ ಊರುಗಳಲ್ಲೇ ಈಗ ನೆರಳಿಗೆ ಬರ. ಶಿರಾ, ಪಾವಗಡದ ಕಡೆ ವರ್ಷದ ಮಳೆ 500ರಿಂದ 600 ಮಿಲಿಮೀಟರ್ ಆಸುಪಾಸು. ಮಧುಗಿರಿಯಲ್ಲಿ ಊರಿನ ಬೆನ್ನಿಗೇ ಏಕಶಿಲಾ ಬೆಟ್ಟ. ಹಗಲೆಲ್ಲ ಕಾದ ಬಂಡೆ ಇರುಳಲ್ಲಿ ಕಾವು ಬಿಡುತ್ತದೆ. ಇದಕ್ಕೆ ಕಾಂಕ್ರೀಟ್ ರಸ್ತೆ, ತಗಡಿನ ಚಾವಣಿ ಸೇರಿದರೆ ಏಪ್ರಿಲ್‌ ರಾತ್ರಿಯಲ್ಲೂ ಊರು ತಣಿಯುವುದಿಲ್ಲ. ಮರ ನೆಡೋಣವೆಂದರೆ ಮೇಲೆ ವಿದ್ಯುತ್ ತಂತಿ, ಕೆಳಗೆ ನೀರಿನ ಪೈಪು, ಪಕ್ಕದಲ್ಲಿ ಚರಂಡಿ. ಗುದ್ದಲಿ ಹಾಕಿದರೆ ಸಿಗುವುದು ಗರಸು.

ಹೀಗಿದ್ದೂ ಊರೊಳಗಿನ ಮರ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡು ಸಾಕ್ಷಿ. ಕೊಕ್ಕರೆ ಬೆಳ್ಳೂರಿನಂತೆ ಇಲ್ಲಿಯೂ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ ಮರಗಳಲ್ಲಿ. ಜೊತೆಗೆ ಬೂದು ಬಕಗಳೂ ಇವೆ. ಮೀನಿಗೆ ಸುತ್ತಲಿನ ಕೆರೆಗಳು, ಕಾವಲಿಗೆ ಊರ ಜನ. ಹಣ್ಣಿಗಾಗಿ, ನೆರಳಿಗಾಗಿ ಹಿರಿಯರು ಉಳಿಸಿಕೊಂಡ ಮರಗಳು ಹಕ್ಕಿಧಾಮವಾದವು. ಮರದ ಜೊತೆ ಕೆರೆಯೂ ಇದ್ದರಷ್ಟೇ ಈ ಲೆಕ್ಕ ಕೂಡುತ್ತದೆ. ಕೆರೆ ಒಣಗಿದ ವರ್ಷ ಹುಣಸೆಯೊಂದೇ ಮರಿಗಳ ಹೊಟ್ಟೆ ತುಂಬಿಸಲಾರದು.

<b>ಯಾವ ಜಾಗಕ್ಕೆ ಯಾವ ಮರ?</b>

ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ ಎಂದು ರಸ್ತೆ ವಿಭಜಕದಲ್ಲಿ ಕೋನೋಕಾರ್ಪಸ್ ನೆಡುವ ಚಾಳಿ ಹಲವು ನಗರಗಳಿಗಿದೆ. ಅದರ ಪರಾಗ, ಬೇರುಗಳ ಕಾಟದ ದೂರು ಕೇಳಿ ಗುಜರಾತ್ 2023ರಲ್ಲೇ ಅದಕ್ಕೆ ನಿಷೇಧ ಹೇರಿತು. ನೀಲಗಿರಿಯ ಹೊಸ ನೆಡುತೋಪುಗಳಿಗೆ ಕರ್ನಾಟಕ 2017ರಲ್ಲಿ ತಡೆ ಹಾಕಿತು. ಕಣ್ಣಿಗೆ ಹಸಿರಾಗಿ ಕಂಡದ್ದೆಲ್ಲ ಹಕ್ಕಿಗೆ ಹೊಟ್ಟೆಪಾಡಲ್ಲ.

ನಮ್ಮ ಸೀಮೆಗೆ ಒಗ್ಗಿದ ಮರಗಳಿಗೇನು ಕೊರತೆ? ಹೊಂಗೆ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಮತ್ತೆ ಚಿಗುರುತ್ತದೆ. ಬಿಸಿಲು ಏರಿದಂತೆ ಅದರ ನೆರಳೂ ದಟ್ಟವಾಗುತ್ತದೆ, ಹೂವಿಗೆ ಜೇನು ಮುತ್ತುತ್ತದೆ. ಅತ್ತಿ, ಆಲ ಹಣ್ಣು ಬಿಟ್ಟರೆ ಹಕ್ಕಿ, ಬಾವಲಿ, ಅಳಿಲುಗಳಿಗೆ ಹಬ್ಬ. ಆದರೆ ಆಲಕ್ಕೆ ಕೆರೆ ಏರಿಯ ಆಚೆ, ಗುಂಡುತೋಪು, ಶಾಲೆಯ ಮೈದಾನದಂಥ ವಿಶಾಲ ಜಾಗ ಬೇಕು. ತಂತಿ ಹಾದ ಬೀದಿಗೆ ಕರಿಬೇವು, ಪಾರಿಜಾತ, ದಾಸವಾಳ ಸಾಕು. ಮರ ಬೆಳೆಸಿ ವರ್ಷಕ್ಕೊಮ್ಮೆ ತಲೆ ಕತ್ತರಿಸುವುದಕ್ಕಿಂತ ಇದೇ ಮೇಲು.

ಗರಸು ನೆಲದಲ್ಲಿ ಅಂಗೈ ಅಗಲದ ಕುಣಿ ತೋಡಿ ಸಸಿ ಸಿಕ್ಕಿಸಿದರೆ ಬೇರು ಅಲ್ಲೇ ಸುತ್ತಿಕೊಂಡು ಸೊರಗುತ್ತದೆ. ಎರಡಡಿ ಅಗಲ, ಎರಡಡಿ ಆಳ ತೋಡಿ, ಕಲ್ಲು ಆಯ್ದು, ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರ ತುಂಬಬೇಕು. ಬುಡಕ್ಕೆ ತರಗೆಲೆ ಹೊದಿಸಿ, ಪಕ್ಕದಲ್ಲಿ ಮಣ್ಣಿನ ಮಡಕೆ ಹೂತು ನೀರು ತುಂಬಿದರೆ ತೇವ ಬೇರಿಗೇ ಜಿನುಗುತ್ತದೆ. ಬುಡದ ತನಕ ಸಿಮೆಂಟ್ ಹಾಸದೆ ಒಂದು ಗಜದಷ್ಟಾದರೂ ಮಣ್ಣು ಬಿಟ್ಟರೆ ಮಳೆನೀರು ಇಳಿಯುತ್ತದೆ.

<b>ನೀರು ಹೊರುವವರು ಯಾರು?</b>

ವನಮಹೋತ್ಸವ ಶುರುವಾದದ್ದು 1950ರಲ್ಲಿ. ಅಂದಿನಿಂದ ನೆಟ್ಟ ಸಸಿಗಳೆಲ್ಲ ಉಳಿದಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ, ಹುಲಿಕಲ್–ಕುದೂರು ನಡುವಿನ ನಾಲ್ಕು ಕಿಲೋಮೀಟರ್ ರಸ್ತೆಗೆ 385 ಆಲದ ಮರಗಳನ್ನು ಕೊಟ್ಟರು. ಅವರು, ಪತಿ ಚಿಕ್ಕಯ್ಯ ಮಳೆಗಾಲದಲ್ಲಿ ಸಸಿ ನೆಟ್ಟರು, ಕೊಡದಲ್ಲಿ ನೀರು ಹೊತ್ತರು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. 2019ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಮರ ಎಣಿಸಿದರು. ಹೊತ್ತ ಕೊಡಗಳ ಲೆಕ್ಕ ಇಟ್ಟವರಿಲ್ಲ.

ಶಿರಾ ನಗರಸಭೆಗಾಗಲಿ, ಕೊರಟಗೆರೆ ಪಟ್ಟಣ ಪಂಚಾಯಿತಿಗಾಗಲಿ, ಕೊಳಾಲದಂಥ ಹೋಬಳಿ ಕೇಂದ್ರದ ಗ್ರಾಮ ಪಂಚಾಯಿತಿಗಾಗಲಿ ಬೇಕಿರುವ ಲೆಕ್ಕ ಅದೇ. ಸಾವಿರ ಸಸಿ ನೆಟ್ಟು ಮರೆಯುವ ಬದಲು ನೂರು ನೆಟ್ಟು, ಒಂದೊಂದು ಬೀದಿಗೂ ನೀರು ಹಾಕುವವರನ್ನು ಗೊತ್ತುಮಾಡಿ, ಅವರಿಗೆ ಮೂರು ಬೇಸಿಗೆಯ ಕೂಲಿಯನ್ನು ಮೊದಲೇ ತೆಗೆದಿಡಲಿ. ಬಿಲ್ ಪಾಸಾಗುವುದು ಜೂನ್ ತಿಂಗಳ ಫೋಟೊ ನೋಡಿ ಅಲ್ಲ, ಮೂರನೇ ಮೇ ತಿಂಗಳಲ್ಲಿ ಬದುಕಿರುವ ಗಿಡ ಎಣಿಸಿ ಆಗಲಿ.