ಪರದೆಯ ಮೇಲಿನ ದಂಡಯಾತ್ರೆ

ಗಣಕಯಂತ್ರದ ಪರದೆಯ ಮೇಲೆ ರಾಜ್ಯ ಕಟ್ಟುವ, ಕೋಟೆ ಮುತ್ತುವ, ದಂಡು ನಡೆಸುವ ಆಟಗಳನ್ನು ಆಡುವವರು ನಮ್ಮ ವಿದ್ಯಾರ್ಥಿಗಳಲ್ಲಿ ಈಗ ವಿರಳರಲ್ಲ. ಪಾಲಕರಲ್ಲಿ ಹಲವರು ಇದನ್ನು ಬರಿಯ ಕಾಲಹರಣವೆಂದು ಎಣಿಸುವರು. ಕೆಲವರು ಇದರಿಂದ ಇತಿಹಾಸದ ಜ್ಞಾನ ಬೆಳೆಯುವುದೆಂದು ಸಮಾಧಾನಪಡುವರು. ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯಾಂಶವುಂಟು. ಆದರೆ ಆಟದ ಒಳರಚನೆಯನ್ನು ಅರಿಯದೆ ಅದನ್ನು ಹೊಗಳುವುದಾಗಲಿ ತೆಗಳುವುದಾಗಲಿ ಉಚಿತವಾಗಲಾರದು. ಆದುದರಿಂದ ಇಂಥ ಆಟಗಳಲ್ಲಿ ಒಬ್ಬನೇ ಕುಳಿತು ಆಡುವ ‘ಕ್ಯಾಂಪೇನ್’ ಎಂಬ ಭಾಗವನ್ನು ಕುರಿತು ಇಲ್ಲಿ ವಿವರಿಸಬಯಸುತ್ತೇವೆ. ಕ್ಯಾಂಪೇನ್ ಎಂಬುದಕ್ಕೆ ನಮ್ಮಲ್ಲಿ ದಂಡಯಾತ್ರೆ ಎಂಬ ಹಳೆಯ, ಸೊಗಸಾದ ಶಬ್ದವಿದೆ, ಅದನ್ನೇ ಬಳಸುವೆವು.

ಚದುರಂಗದಲ್ಲಿ ನಾವು ಒಂದು ಕಾಯಿಯನ್ನು ನಡೆಸಿದ ಮೇಲೆ ಎದುರಾಳಿಯ ನಡೆಗಾಗಿ ಕಾಯುತ್ತೇವೆ. ಈ ಆಟಗಳಲ್ಲಿ ಅಂಥ ಸರದಿಯಿಲ್ಲ. ನಾವು ಯೋಚಿಸುತ್ತ ಕುಳಿತಿರುವಾಗಲೇ ಎದುರಾಳಿಯು ಮರ ಕಡಿಸುತ್ತಿರುವನು, ಕುದುರೆಗಳನ್ನು ಸಿದ್ಧಪಡಿಸುತ್ತಿರುವನು, ನಮ್ಮ ಹೊಲಗಳ ಕಡೆಗೆ ದಂಡನ್ನು ಹೊರಡಿಸುತ್ತಿರುವನು. ಕಾಲವು ಇಬ್ಬರಿಗೂ ಒಮ್ಮೆಗೇ ಸಾಗುವುದರಿಂದ ಇವಕ್ಕೆ ‘ರಿಯಲ್ ಟೈಮ್ ಸ್ಟ್ರ್ಯಾಟಜಿ’ ಎಂದು ಹೆಸರು. 1992ರಲ್ಲಿ ಪ್ರಕಟವಾದ ‘ಡ್ಯೂನ್ 2’ ಎಂಬ ಆಟವು ಈ ಬಗೆಗೆ ಒಂದು ನೆಲೆಯಾದ ರೂಪವನ್ನು ಕೊಟ್ಟಿತು. ‘ಏಜ್ ಆಫ್ ಎಂಪೈರ್ಸ್’ ಮಾಲೆಯ ಎರಡನೆಯ ಆಟವು 1999ರಲ್ಲಿ ಹೊರಬಂದಿತು. ಎನ್ಸೆಂಬಲ್ ಸ್ಟುಡಿಯೋಸ್ ಎಂಬ ಅಮೇರಿಕದ ಸಂಸ್ಥೆ ಅದನ್ನು ರಚಿಸಿತು, ಮೈಕ್ರೋಸಾಫ್ಟ್ ಪ್ರಕಟಿಸಿತು. ಮಧ್ಯಯುಗದ ರಾಜ್ಯಗಳನ್ನು ಕುರಿತ ಈ ಆಟವು 2019ರಲ್ಲಿ ನವೀಕೃತವಾಗಿ, ಇಂದಿಗೂ ಆಡುವವರನ್ನು ಉಳಿಸಿಕೊಂಡಿದೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಇದರಲ್ಲಿ ಕಾಳಗಕ್ಕಿಂತ ಮೊದಲು ಒಕ್ಕಲುತನ. ಸಾಮಾನ್ಯವಾದ ಆಟವು ಊರ ನಡುವಿನ ಒಂದು ಚಾವಡಿ, ಮೂವರು ಹಳ್ಳಿಗರು, ಒಬ್ಬ ಬೇಹಿನ ಸವಾರ, ಇಷ್ಟರಿಂದ ಆರಂಭವಾಗುವುದು. ಕೂಡಿಸಬೇಕಾದ ಸಾಮಗ್ರಿಗಳು ನಾಲ್ಕು: ಆಹಾರ, ಕಟ್ಟಿಗೆ, ಚಿನ್ನ, ಕಲ್ಲು. ಹೊಸದಾಗಿ ಒಬ್ಬ ಹಳ್ಳಿಗನು ಬರಬೇಕಾದರೆ 50 ಪಾಲು ಆಹಾರವೂ 25 ಸೆಕೆಂಡುಗಳ ಕಾಲವೂ ಬೇಕು. ಐವರ ವಸತಿಗೆ ಒಂದು ಮನೆ. ಮನೆಗೆ 25 ಪಾಲು ಕಟ್ಟಿಗೆ. ಹೊಲವೊಂದಕ್ಕೆ 60 ಪಾಲು ಕಟ್ಟಿಗೆ. ಐದನೆಯ ಇಯತ್ತೆಯ ವಿದ್ಯಾರ್ಥಿಯೂ ಇದರ ಲೆಕ್ಕ ಹಾಕಬಲ್ಲನು. ಹತ್ತು ನಿಮಿಷಗಳವರೆಗೆ ಚಾವಡಿಯು ಎಡೆಬಿಡದೆ ಕೆಲಸ ಮಾಡಿದರೆ 24 ಹಳ್ಳಿಗರು ಬರುವರು. ಅವರಿಗೆ 1200 ಪಾಲು ಆಹಾರವೂ, ಐದು ಮನೆಗಳಿಗಾಗಿ 125 ಪಾಲು ಕಟ್ಟಿಗೆಯೂ ಬೇಕಾಗುವುದು. ಚಾವಡಿಯು ಒಂದು ನಿಮಿಷ ಸುಮ್ಮನಿದ್ದರೆ ದುಡಿಯುವ ಇಬ್ಬರು ಕಡಿಮೆಯಾದಂತೆಯೇ. ಬಾಲಕರು ಮೊದಮೊದಲು ಸೋಲುವುದು ಬಹುತೇಕ ಇಲ್ಲಿಯೇ. ಅವರು ಕತ್ತಿ ಹಿಡಿದವರನ್ನು ನೋಡುತ್ತ ನಿಲ್ಲುವರು. ಹಿಂದೆ ಊರಿನಲ್ಲಿ ಹೊಲಗಳು ಬೀಳುಬಿದ್ದಿರುವವು. ಆಹಾರವಿಲ್ಲದ ಮೇಲೆ ಹೊಸ ಸೈನಿಕನು ಎಲ್ಲಿಂದ ಬರಬೇಕು?

ಸೊಲ್ಲಾಪುರದವರಿಗೆ ಪ್ರಿಯವಾಗಬಹುದಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಈ ಆಟದಲ್ಲಿ ಊರಿನವರು ಮೊತ್ತಮೊದಲು ಕಲಿಯಬಹುದಾದ ವಿದ್ಯೆಗಳಲ್ಲಿ ಒಂದರ ಹೆಸರು ‘ಲೂಮ್’, ಎಂದರೆ ಮಗ್ಗ. 50 ಪಾಲು ಚಿನ್ನ ಕೊಟ್ಟು ಅದನ್ನು ಕಲಿತರೆ ಹಳ್ಳಿಗರ ಮೈಗೆ ಒಳ್ಳೆಯ ಬಟ್ಟೆ ಬಂದು, ತೋಳನ ಕಡಿತವನ್ನೂ ಬಾಣದ ಪೆಟ್ಟನ್ನೂ ಅವರು ಹೆಚ್ಚು ತಾಳಿಕೊಳ್ಳುವರು. ಚಾದರ ನೇಯುವ ಊರಿನ ಮಕ್ಕಳು ಈ ವಿದ್ಯೆಯನ್ನು ಮರೆತು ಮುಂದುವರಿಯುವುದು ತರವಲ್ಲ!

ಇನ್ನು ಒಬ್ಬನೇ ಆಡುವುದರ ವಿಚಾರ. ಇಲ್ಲಿ ಎದುರಾಳಿಯು ಯಂತ್ರ. ಆಟವನ್ನು ಬೇಕಾದಾಗ ನಿಲ್ಲಿಸಬಹುದು, ಇದ್ದ ಸ್ಥಿತಿಯಲ್ಲಿಯೇ ಕಾದಿರಿಸಿ ನಾಳೆ ಮುಂದುವರಿಸಬಹುದು, ಬಿರುಸಿನ ಮಟ್ಟವನ್ನು ತಗ್ಗಿಸಲೂಬಹುದು. ಊಟಕ್ಕೆ ಕರೆದಾಗ “ಈಗ ಏಳಲು ಬರುವುದಿಲ್ಲ” ಎಂಬ ನೆಪವು ದಂಡಯಾತ್ರೆಯ ಆಟದಲ್ಲಿ ಸಲ್ಲುವುದಿಲ್ಲವೆಂಬುದನ್ನು ಪಾಲಕರು ಗಮನಿಸಬೇಕು. ಮೇಲಾಗಿ ದಂಡಯಾತ್ರೆಗೆ ಕೊನೆಯುಂಟು. ಐದಾರು ಅಧ್ಯಾಯಗಳು ಮುಗಿದರೆ ಕಥೆ ಮುಗಿಯಿತು. ಅಪರಿಚಿತರೊಡನೆ ಜಾಲದ ಮೂಲಕ ಆಡುವ ಆಟಗಳಿಗೆ ಇಂಥ ಕೊನೆಯಿಲ್ಲ. ಹಣವೊಡ್ಡಿ ಆಡುವ ಜಾಲದಾಟಗಳ ಮಾತೇ ಬೇರೆ. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಿತು. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದು ಬೈಯುವುದು ಸರಿಯಲ್ಲ.

ಆದರೆ ದಂಡಯಾತ್ರೆಯ ನಿಜವಾದ ವಿಶೇಷವು ಅದರ ಕಥೆಯಲ್ಲಿದೆ. ಅದನ್ನು ಯಾರೋ ಬರೆದಿರುತ್ತಾರೆ. ಭೂಪಟದ ಯಾವ ಮೂಲೆಯಲ್ಲಿ ನದಿ, ಯಾವ ಕೋಟೆಯಲ್ಲಿ ಎಷ್ಟು ದಂಡು, ಸೇತುವೆಯನ್ನು ದಾಟಿದೊಡನೆ ಯಾರು ಮೇಲೆ ಬೀಳಬೇಕು, ಯಾವ ದೊರೆಯು ನಮ್ಮ ಗೆಳೆಯ, ಯಾವನು ಹಗೆ, ಇದೆಲ್ಲವನ್ನೂ ಕರ್ತೃವು ಮೊದಲೇ ನಿಶ್ಚಯಿಸಿರುವನು. ಆಟದೊಳಗಿನ ಭಾಷೆಯಲ್ಲಿ ಈ ಏರ್ಪಾಡಿಗೆ ‘ಟ್ರಿಗರ್’ ಎನ್ನುವರು: ಇಂಥದು ನಡೆದರೆ ಇಂಥದಾಗಲಿ ಎಂಬ ಕಟ್ಟಳೆ. ಆಡುವವನು ತಾನೇ ಸೇನಾಪತಿಯೆಂದು ಭಾವಿಸಿದರೂ, ಯಾವ ಪಕ್ಷದಲ್ಲಿ ನಿಲ್ಲಬೇಕೆಂಬ ಆಯ್ಕೆ ಅವನದಲ್ಲ.

ಇದರ ಪರಿಣಾಮವು ನಮ್ಮ ನಾಡಿನ ಮಟ್ಟಿಗೆ ಹೇಗಾಗುವುದೆಂಬುದನ್ನು ನೋಡಬೇಕು. 2022ರಲ್ಲಿ ಈ ಆಟಕ್ಕೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಹೆಚ್ಚುವರಿ ಭಾಗವು ಬಂದಿತು. ಅದರಲ್ಲಿ ಬಾಬರ, ಬಂಗಾಲದ ದೇವಪಾಲ, ರಾಜೇಂದ್ರ ಚೋಳ ಈ ಮೂವರ ದಂಡಯಾತ್ರೆಗಳಿವೆ. ಮೂರನೆಯದರಲ್ಲಿ ಆಡುವವನು ಚೋಳರ ಪಕ್ಷದವನು. ಚಾಲುಕ್ಯರು ಹಗೆಗಳ ಸಾಲಿನಲ್ಲಿದ್ದಾರೆ. ಈ ಚಾಲುಕ್ಯರು ಯಾರು? ಸೊಲ್ಲಾಪುರದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ನಳದುರ್ಗ, ಉಮರ್ಗಾಗಳನ್ನು ದಾಟಿದ ಮೇಲೆ ರಸ್ತೆಗೆ ತುಸು ಒಳಗೆ ಸಿಗುವ ಬಸವಕಲ್ಯಾಣವೇ ಅವರ ರಾಜಧಾನಿಯಾಗಿದ್ದ ಕಲ್ಯಾಣ. ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದ ದೇವಾಲಯಗಳು ಆ ಕಾಲದವು. ನಾವು ನಿಂತ ನೆಲವೇ ಅವರದಾಗಿತ್ತು. ಎಂದರೆ ನಮ್ಮ ಬಾಲಕನು ಪರದೆಯ ಮೇಲೆ ಹುರುಪಿನಿಂದ ಸದೆಬಡಿಯುವ ‘ಹಗೆ’ಯು ಅವನ ಊರಿನ ಹಳೆಯ ಅರಸನೇ ಆಗಿರುವನು. ಅದನ್ನು ಅವನಿಗೆ ಹೇಳುವವರು ಯಾರು?

ಚೋಳರ ಕಥೆಯನ್ನು ಹೇಳಬಾರದೆಂದು ನಮ್ಮ ಅಭಿಪ್ರಾಯವಲ್ಲ. ರಾಜೇಂದ್ರನು ಕಡಲಾಚೆಗೂ ದಂಡೆತ್ತಿ ಹೋದ ಪ್ರತಾಪಿ. ಅವನ ಕಥೆ ಆಡಲು ಯೋಗ್ಯವಾದುದೇ. ಆದರೆ ಯುದ್ಧಕ್ಕೆ ಎರಡು ಮಗ್ಗುಲುಗಳಿರುತ್ತವೆ. ರಾಜೇಂದ್ರನ ಮಗ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು, ಅಲ್ಲಿಂದ ಕಲ್ಲಿನ ದ್ವಾರಪಾಲಕನೊಬ್ಬನನ್ನು ಗೆಲವಿನ ಗುರುತಾಗಿ ತಮಿಳುನಾಡಿಗೆ ಒಯ್ದನು. ಹಾಗೆಂದು ಆ ವಿಗ್ರಹದ ಪೀಠದ ಮೇಲೆಯೇ ಕೊರೆಸಿದ್ದಾನೆ. ಅದೇ ರಾಜಾಧಿರಾಜನು 1054ರ ಸುಮಾರಿಗೆ ಕೊಪ್ಪಂ ಕಾಳಗದಲ್ಲಿ ಚಾಲುಕ್ಯ ಸೋಮೇಶ್ವರನ ದಂಡಿನೆದುರು ಆನೆಯ ಮೇಲೆಯೇ ಮಡಿದನು. ಆದರೂ ಆ ರಣರಂಗದಲ್ಲಿಯೇ ಪಟ್ಟವೇರಿದ ಅವನ ತಮ್ಮನ ಶಾಸನಗಳು ಜಯವು ತಮ್ಮದೇ ಎನ್ನುತ್ತವೆ. ಚಾಲುಕ್ಯರೇನು ಕಡಿಮೆಯೇ? ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಬಿಲ್ಹಣನು ತನ್ನ ಒಡೆಯನನ್ನೇ ನಾಯಕನನ್ನಾಗಿ ಮಾಡಿ ಸಂಸ್ಕೃತ ಕಾವ್ಯ ರಚಿಸಿದನು. ಶಾಸನ, ಕಾವ್ಯ, ಗಣಕಯಂತ್ರದ ಆಟ ಮೂರರಲ್ಲಿಯೂ ಬರೆದವನ ಪಕ್ಷವೇ ನಾಯಕನ ಪಕ್ಷ.

ಇನ್ನೊಂದು ಸಣ್ಣ ಆಕ್ಷೇಪವನ್ನೂ ಸೇರಿಸಬಹುದು. ತಮಿಳರು, ಕನ್ನಡಿಗರು, ತೆಲುಗರು ಎಲ್ಲರನ್ನೂ ಈ ಆಟವು ‘ದ್ರವಿಡಿಯನ್ಸ್’ ಎಂಬ ಒಂದೇ ಗುಂಪಿನಲ್ಲಿ ಅಡಕಮಾಡಿದೆ. ಅವರ ಬಲವು ಹಡಗು ಮತ್ತು ಕಾಲಾಳುಗಳಲ್ಲಿ; ರಾವುತರ ದಳ ದುರ್ಬಲ. ಕಡಲ ತೀರದ ಚೋಳರಿಗೆ ಇದು ಒಪ್ಪೀತು. ಕಡಲು ಕಾಣದ ನಮ್ಮ ಬಯಲುಸೀಮೆಯಲ್ಲಿ, ಕುದುರೆಯೇರಿದ ವೀರರನ್ನು ಕೆತ್ತಿದ ವೀರಗಲ್ಲುಗಳನ್ನು ಕಂಡವರಿಗೆ ಇದು ವಿಚಿತ್ರವಾಗಿ ತೋರುವುದು.

ಹಾಗಾದರೆ ಏನು ಮಾಡಬೇಕು? ಆಟವನ್ನು ಕಿತ್ತುಕೊಳ್ಳುವುದರಿಂದ ಪ್ರಯೋಜನವಿಲ್ಲ. ದಂಡಯಾತ್ರೆಯನ್ನು ರಚಿಸುವ ಸಲಕರಣೆಯು 1999ರಿಂದಲೂ ಆಟದ ಜೊತೆಯಲ್ಲಿಯೇ ದೊರೆಯುತ್ತದೆ. ಆಟದ ಮೇಲಿನ ಅಕ್ಕರೆಯಿಂದ ಕೆಲವು ಆಟಗಾರರು ತಾವೇ ಕೂಡಿ ರಚಿಸತೊಡಗಿದ ಭಾಗವೊಂದು 2013ರಲ್ಲಿ ‘ದಿ ಫರ್ಗಾಟನ್’ ಎಂಬ ಹೆಸರಿನಿಂದ ಅಧಿಕೃತವಾಗಿಯೇ ಪ್ರಕಟವಾಯಿತು. ಪೃಥ್ವೀರಾಜ ಚೌಹಾನನ ದಂಡಯಾತ್ರೆ ಅದರಲ್ಲಿದೆ. ಅಂದಮೇಲೆ ನಮ್ಮ ಮೇಲಿನ ಇಯತ್ತೆಗಳ ವಿದ್ಯಾರ್ಥಿಗಳು ಸೊಲ್ಲಾಪುರದ ಕೋಟೆಯನ್ನು ಕುರಿತು ಒಂದು ಅಧ್ಯಾಯವನ್ನೇಕೆ ರಚಿಸಬಾರದು?

ವಸ್ತುವಿಗೆ ಕೊರತೆಯಿಲ್ಲ. 1524ರ ಸುಮಾರಿಗೆ ವಿಜಾಪುರದ ಇಸ್ಮಾಯಿಲ್ ಆದಿಲಶಹನ ತಂಗಿ ಮರಿಯಮಳನ್ನು ಅಹಮದನಗರದ ಬುರ್ಹಾನ್ ನಿಜಾಮಶಹನಿಗೆ ಸೊಲ್ಲಾಪುರದಲ್ಲಿಯೇ ಮದುವೆ ಮಾಡಿಕೊಟ್ಟರು. ಬಳುವಳಿಯಾಗಿ ಈ ಕೋಟೆಯನ್ನು ಕೊಡುವ ಮಾತಾಗಿತ್ತೆಂದು ವರನ ಕಡೆಯವರು. ಆಗಿರಲಿಲ್ಲವೆಂದು ವಧುವಿನ ಕಡೆಯವರು. ಆ ಒಂದು ಮಾತಿಗಾಗಿ ಎರಡು ರಾಜ್ಯಗಳೂ ನಾಲ್ಕು ದಶಕಗಳವರೆಗೆ ಮತ್ತೆ ಮತ್ತೆ ಕಾದಾಡಿದವು. ಕೊನೆಗೆ ಹುಸೇನ್ ನಿಜಾಮಶಹನು ತನ್ನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಹನಿಗೆ ಕೊಟ್ಟಾಗ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟನು. ಆ ನಂಟಸ್ತಿಕೆಯ ಬೆನ್ನಿಗೇ, 1565ರ ಜನವರಿಯಲ್ಲಿ, ವಿಜಯನಗರದ ವಿರುದ್ಧ ತಾಳಿಕೋಟೆಯ ಯುದ್ಧ ನಡೆಯಿತು. ಈ ವೃತ್ತಾಂತವನ್ನು ವಿಸ್ತಾರವಾಗಿ ಬರೆದ ಫೆರಿಸ್ತಾ ಮೊದಲು ಅಹಮದನಗರದಲ್ಲಿದ್ದು, ಆಮೇಲೆ ವಿಜಾಪುರದ ಆಸ್ಥಾನವನ್ನು ಸೇರಿದವನೆಂಬುದನ್ನೂ ಮರೆಯಬಾರದು.

ಭೂಪಟ ಬರೆಯುವಾಗ ಕೋಟೆಯ ಒಂದು ಮಗ್ಗುಲಿಗೆ ಸಿದ್ಧರಾಮನ ಕೆರೆಯನ್ನು ಇಡಬೇಕು. ಆ ಕಡೆಯಿಂದ ಮುತ್ತಿಗೆ ಕಷ್ಟ. ಉತ್ತರದಿಂದ ಅಹಮದನಗರದ ದಂಡು, ತೆಂಕಣದಿಂದ ಭೀಮೆಯನ್ನು ದಾಟಿ ವಿಜಾಪುರದ ದಂಡು. ನಳದುರ್ಗದ ಬಳಿ, ಅಕ್ಕಲಕೋಟೆಯವರಿಗೆ ಪರಿಚಿತವಾದ ಬೋರಿ ನದಿಗೆ ಕಟ್ಟಿದ ಚೆಲುವಾದ ಅಣೆಕಟ್ಟನ್ನು ಸೇರಿಸಲು ಮನಸ್ಸಾಗುವುದು ಸಹಜ; ಆದರೆ ಅದು ಮುಂದೆ ಎರಡನೆಯ ಇಬ್ರಾಹೀಮ ಆದಿಲಶಹನ ಕಾಲದಲ್ಲಾದ ಕೆಲಸ, ಆದುದರಿಂದ ಇಲ್ಲಿ ಇಡಬಾರದು. ಕತ್ತಿ, ಬಂದೂಕುಗಳ ತೂಕವೂ ಹಿಡಿಕೆಯೂ ಹೇಗಿದ್ದವೆಂಬ ಕಲ್ಪನೆ ಬರಬೇಕಾದರೆ ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ಒಮ್ಮೆ ನೋಡಿ ಬರಬಹುದು. ಪ್ರತಿಯೊಂದು ಅಧ್ಯಾಯವನ್ನೂ ಎರಡು ಸಲ ರಚಿಸಬೇಕು. ಒಮ್ಮೆ ವಿಜಾಪುರದ ಪಕ್ಷದಿಂದ, ಇನ್ನೊಮ್ಮೆ ಅಹಮದನಗರದ ಪಕ್ಷದಿಂದ. ಆರಂಭದ ಕಥನವನ್ನು ಶುದ್ಧವಾದ ಕನ್ನಡದಲ್ಲಿ ಬರೆಯಬೇಕು. ಬರೆಯುವಾಗ ಯಾರನ್ನು ‘ನಾವು’ ಎನ್ನುವುದು, ಯಾರನ್ನು ‘ಅವರು’ ಎನ್ನುವುದು ಎಂಬ ಪ್ರಶ್ನೆ ತಾನಾಗಿಯೇ ಏಳುವುದು.

ಒಂದೇ ಒಂದು ತೊಡಕುಂಟು. ಕೋಟೆಯನ್ನು ಮುತ್ತಿ ಗೆಲ್ಲುವುದಕ್ಕೆ ಆಟದಲ್ಲಿ ಬೇಕಾದಷ್ಟು ಸಾಧನಗಳಿವೆ. ಮದುವೆಯಲ್ಲಿ ಕೊಡುವುದಕ್ಕೆ ಏನೂ ಇಲ್ಲ. ಅದಕ್ಕೆ ಟ್ರಿಗರನ್ನೇ ಆಶ್ರಯಿಸಬೇಕು. ಒಂದು ಬಂಡಿಯನ್ನು ಚಾಂದಬೀಬಿಯ ಮೇಣೆಯೆಂದು ಕರೆದು, ಅದು ಕೋಟೆಯ ಬಾಗಿಲನ್ನು ಮುಟ್ಟಿದೊಡನೆ ಗೋಡೆಗಳೂ ಬುರುಜುಗಳೂ ಒಬ್ಬರ ಒಡೆತನದಿಂದ ಇನ್ನೊಬ್ಬರ ಒಡೆತನಕ್ಕೆ ಸಲ್ಲಲಿ ಎಂದು ಬರೆಯಬೇಕು. ಆಗ ಒಂದು ಬಾಣವನ್ನೂ ಬಿಡದೆ ಸೊಲ್ಲಾಪುರದ ಕೋಟೆಯ ಬಣ್ಣವು ಪರದೆಯ ಮೇಲೆ ಬದಲಾಗುವುದು.