ಉಗುರು, ಸುಣ್ಣ ಮತ್ತು ಕಬ್ಬಿಣ

ಉಗುರು ಸೀಳಿದರೆ ಅಥವಾ ಅದರ ಮೇಲೆ ಬಿಳಿಯ ಚುಕ್ಕೆ ಮೂಡಿದರೆ ದೇಹದಲ್ಲಿ ಸುಣ್ಣದಂಶ ಕಡಿಮೆಯಾಗಿದೆಯೆಂದು ತೀರ್ಮಾನಿಸಿ ಕ್ಯಾಲ್ಸಿಯಂ ಮಾತ್ರೆ ನುಂಗುವವರು ಅನೇಕರು. ಮೂಳೆ, ಹಲ್ಲುಗಳಂತೆ ಉಗುರೂ ಗಟ್ಟಿಯಾಗಿರುವುದರಿಂದ ಈ ಭಾವನೆ ಹುಟ್ಟಿರಬೇಕು. ವಾಸ್ತವವಾಗಿ ಉಗುರು ಮೂಳೆಯ ಬಂಧುವಲ್ಲ, ಕೂದಲಿನ ಬಂಧು. ಅದು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಆ ಪ್ರೋಟೀನಿನ ಎಳೆಗಳನ್ನು ಬಿಗಿದಿರುವ ಗಂಧಕದ ಬಂಧಗಳೇ ಅದಕ್ಕೆ ಗಡಸುತನವನ್ನು ಕೊಡುತ್ತವೆ. ಉಗುರಿನಲ್ಲಿ ಕ್ಯಾಲ್ಸಿಯಂ ಇರುವುದು ಅತ್ಯಲ್ಪ.

ಬಿಳಿಯ ಚುಕ್ಕೆಗಳು ಬಹುಮಟ್ಟಿಗೆ ಉಗುರಿನ ಬುಡಕ್ಕೆ ತಗುಲಿದ ಸಣ್ಣ ಪೆಟ್ಟಿನ ಗುರುತುಗಳು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ, ಪೆಟ್ಟು ಮರೆತುಹೋದ ಮೇಲೆ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಪಾತ್ರೆ, ಬಟ್ಟೆ ತೊಳೆಯುವ ಕೈ ಪದೇ ಪದೇ ನೆನೆದು ಒಣಗಿದರೆ ಉಗುರಿನ ತುದಿ ಪದರು ಪದರಾಗಿ ಏಳುತ್ತದೆ. ಅದಕ್ಕೆ ಮಾತ್ರೆಗಿಂತ, ಮಲಗುವ ಮುನ್ನ ಸವರಿದ ಕೊಬ್ಬರಿ ಎಣ್ಣೆಯೇ ಮೇಲು.

ಕಡೆಗಣಿಸಬಾರದ ಲಕ್ಷಣ ಬೇರೊಂದುಂಟು. ಉಗುರು ತೆಳುವಾಗಿ, ನಡುವೆ ತಗ್ಗಿ, ಅಂಚು ಮೇಲೆದ್ದು ಚಮಚದ ಆಕಾರ ತಳೆದರೆ ಅದು ಕಬ್ಬಿಣದ ಕೊರತೆಯ ಸೂಚನೆಯಾಗಿರಬಹುದು. ನಿತ್ಯವೂ ಇಷ್ಟಲಿಂಗಕ್ಕೆ ಪತ್ರಿ ಏರಿಸುವಾಗ ಬಲಗೈಯ ಉಗುರುಗಳು ನಮ್ಮ ಕಣ್ಣೆದುರಿಗೇ ಇರುತ್ತವೆ. ಈ ಬದಲಾವಣೆ ಗಮನಕ್ಕೆ ಬರದಿರಲು ಕಾರಣವಿಲ್ಲ. ಜೊತೆಗೆ ದಣಿವು, ಏದುಸಿರು ಇದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ, ಗರ್ಭಿಣಿಯರಲ್ಲಿ ಈ ಕೊರತೆ ಹೆಚ್ಚು. ಗಂಡಸರಲ್ಲಿ ಹಾಗೂ ಮುಟ್ಟು ನಿಂತ ತಾಯಂದಿರಲ್ಲಿ ಕಂಡುಬಂದರೆ, ಜಠರ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ವೈದ್ಯರು ನೋಡಲೇಬೇಕಾಗುತ್ತದೆ.

ಸುಣ್ಣ ಮತ್ತು ಕಬ್ಬಿಣಗಳ ಸಂಬಂಧ ವಿಚಿತ್ರವಾದುದು. ಕಬ್ಬಿಣದ ಮೊಳೆಯನ್ನು ಬರಿಯ ನೀರಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಸುಣ್ಣದ ತಿಳಿನೀರಿನಲ್ಲಿಟ್ಟರೆ ಬೇಗ ಹಿಡಿಯದು. ಸುಣ್ಣದ ಕ್ಷಾರಗುಣದಿಂದ ಮೊಳೆಯ ಮೇಲೆ ತೆಳುವಾದ ರಕ್ಷಾಪದರ ನಿಲ್ಲುತ್ತದೆ. ಕಾಂಕ್ರೀಟಿನೊಳಗಿನ ಸರಳುಗಳು ಬಾಳುವುದೂ ಇದೇ ಗುಣದಿಂದ. ದೇಹದೊಳಗೆ ಮಾತ್ರ ಈ ಸ್ನೇಹ ನಡೆಯದು. ಒಟ್ಟಿಗೆ ಸೇವಿಸಿದರೆ ಕ್ಯಾಲ್ಸಿಯಂ, ಕರುಳು ಕಬ್ಬಿಣವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಉಗುರಿಗೆಂದು ಕ್ಯಾಲ್ಸಿಯಂ ನುಂಗುವ ರಕ್ತಹೀನ ತಾಯಿಗೆ ಹೀಗೆ ಎರಡು ನಷ್ಟ: ರೋಗ ಗುರುತಾಗುವುದಿಲ್ಲ, ಊಟದಲ್ಲಿನ ಕಬ್ಬಿಣವೂ ಪೂರ್ತಿ ದಕ್ಕುವುದಿಲ್ಲ. ಸಸ್ಯಾಹಾರದ ಕಬ್ಬಿಣ ಮೊದಲೇ ಕಡಿಮೆ ಪ್ರಮಾಣದಲ್ಲಿ ಹೀರಲ್ಪಡುವಂಥದು.

ಗರ್ಭಿಣಿಯರಿಗೆ ಎರಡೂ ಮಾತ್ರೆಗಳು ಬೇಕು; ಅವುಗಳ ನಡುವೆ ಕನಿಷ್ಠ 2 ಗಂಟೆಗಳ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಹಾಲು, ಚಹಾಗಳೊಡನೆ ಸೇವಿಸದೆ ನಿಂಬೆಹಣ್ಣಿನ ಪಾನಕದೊಡನೆ ಸೇವಿಸುವುದು ಉತ್ತಮ. ಉಗುರಿಗಾಗಿ ಎಲೆಯಡಿಕೆಯ ಸುಣ್ಣ ತಿನ್ನುವುದಂತೂ ಬೇಡ, ಅದು ಬಾಯಿ ಸುಡುತ್ತದೆ. ಚಿಕಿತ್ಸೆ ಆರಂಭವಾದೊಡನೆ ಉಗುರು ಸರಿಯಾಗದು. ಬುಡದಿಂದ ಹೊಸ ಉಗುರು ತುದಿಯವರೆಗೆ ಬೆಳೆಯಲು ಸುಮಾರು 6 ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಗುಣ ಕಾಣಲಿಲ್ಲವೆಂದು ಮಾತ್ರೆ ನಿಲ್ಲಿಸದೆ, ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು.