ಕೈಯಲ್ಲಿ ಸರ್ಟಿಫಿಕೇಟು, ಕೈಗಿಲ್ಲ ಕಸುಬು

2001ರಲ್ಲಿ ತಮಿಳುನಾಡು ಸರ್ಕಾರ ಬಹುಪಾಲು ಹುದ್ದೆಗಳ ನೇಮಕಾತಿಯನ್ನು ನಿಲ್ಲಿಸಿಬಿಟ್ಟಿತು. ತಡೆ ತೆರವಾದದ್ದು 2006ರಲ್ಲಿ. ಸರ್ಕಾರಿ ನೌಕರಿಗೆಂದು ಓದುತ್ತಿದ್ದ ಪದವೀಧರ ಹುಡುಗರು ಆ ಐದು ವರ್ಷ ಏನು ಮಾಡಿದರು? ಬಾಗಿಲು ಮುಚ್ಚಿದೆ, ಬೇರೆ ಕೆಲಸ ನೋಡಿಕೊಳ್ಳೋಣ ಎಂದುಕೊಂಡಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅರ್ಥಶಾಸ್ತ್ರಜ್ಞ ಕುನಾಲ್ ಮಂಗಲ್ ಅಂಕಿ ಅಂಶ ಹರವಿ ನೋಡಿದಾಗ ಆದದ್ದೇ ಬೇರೆ. ಹುದ್ದೆ ಇಲ್ಲದ ಕಾಲದಲ್ಲಿ ಹುಡುಗರು ಓದಿಗೆ ಕೂತ ಅವಧಿ ಇನ್ನೂ ಉದ್ದವಾಗಿತ್ತು. ತಡೆ ತೆರವಾಗಿ ಹತ್ತು ವರ್ಷ ಕಳೆದ ಮೇಲೂ ಆ ತಲೆಮಾರಿನವರ ದುಡಿಯುವ ಶಕ್ತಿ ಹಿಂದಿನ ಮುಂದಿನವರಿಗಿಂತ ಕಡಿಮೆಯೇ ಇತ್ತು. ಸ್ವಂತ ಸಂಸಾರ ಹೂಡುವುದೂ ತಡವಾಗಿತ್ತು. ಕಾಯುವುದಕ್ಕೆ ಕಾಸು ಖರ್ಚಿಲ್ಲ ಎಂದು ನಾವು ತಿಳಿದಿದ್ದೇವೆ. ಅದರ ಬಿಲ್ಲು ಹತ್ತು ವರ್ಷ ಬಿಟ್ಟು ಬರುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ಒಂದು ಸಂಜೆ ಅಡ್ಡಾಡಿ ಬಂದರೆ ಈ ಅಧ್ಯಯನ ಕಣ್ಣಿಗೆ ಕಟ್ಟುತ್ತದೆ. ಒಂದು ಕೋಚಿಂಗ್ ಸೆಂಟರು, ಮೇಲೊಂದು ಪಿಜಿ, ಪಕ್ಕದಲ್ಲಿ ಝೆರಾಕ್ಸ್ ಅಂಗಡಿ, ಮತ್ತೆ ಕೋಚಿಂಗ್ ಸೆಂಟರು. ರೀಡಿಂಗ್ ರೂಮುಗಳಲ್ಲಿ ಪ್ಲೈವುಡ್ ಅಡ್ಡಹಲಗೆ ಹಾಕಿದ ಪಾರಿವಾಳದ ಗೂಡಿನಂಥ ಖಾನೆಗಳು, ತಿಂಗಳ ಬಾಡಿಗೆಗೆ. ಅಲ್ಲಿ ಸಿಕ್ಕ ಕೊಪ್ಪಳದ ಕಡೆಯ ಹುಡುಗ ಆರು ವರ್ಷದಿಂದ ಓದುತ್ತಿದ್ದಾನೆ. ನಡುವೆ ಮೂರು ತಿಂಗಳ ಕಂಪ್ಯೂಟರ್ ತರಬೇತಿಯನ್ನೂ ಮುಗಿಸಿದ್ದಾನೆ. ಲ್ಯಾಮಿನೇಶನ್ ಮಾಡಿಸಿಟ್ಟ ಸರ್ಟಿಫಿಕೇಟು ತೋರಿಸಿದ. "ಕೆಲಸಾನೂ ಕೊಡಿಸಿದ್ರು ಸರ, ಬೆಂಗಳೂರಾಗ. ಪಗಾರದಾಗ ರೂಮಿನ ಬಾಡಿಗಿ ಕಟ್ಟಿದ್ರ ಉಣ್ಣಾಕ ಉಳೀತಿದ್ದಿಲ್ಲ. ಎರಡ ತಿಂಗಳಿಗೆ ವಾಪಸ್ ಬಂದೆ. ಈಗ ಕಾಲ್‌ಫಾರ್ ಆಗೂದನ್ನ ಕಾಯ್ಕೋತ ಕುಂತೀನಿ," ಅಂದ. ತರಬೇತಿ ಕೊಟ್ಟವರ ಪುಸ್ತಕದಲ್ಲಿ ಈತ ಕೆಲಸ ಸಿಕ್ಕವರ ಸಾಲಿನಲ್ಲಿದ್ದಾನೆ.

ಇಂಥವರು ಎಷ್ಟು ಮಂದಿ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ ದೇಶದ ನಿರುದ್ಯೋಗಿಗಳಲ್ಲಿ ನೂರಕ್ಕೆ 83 ಮಂದಿ ಯುವಜನರು. 2022ರಲ್ಲಿ ಯುವ ಪದವೀಧರರ ನಿರುದ್ಯೋಗ ಪ್ರಮಾಣ ಶೇ 29.1. ಓದು ಬರಹ ಬಾರದವರಲ್ಲಿ ಅದು ಬರೀ ಶೇ 3.4. ಅನಕ್ಷರಸ್ಥರಿಗೆ ಒಳ್ಳೆಯ ಕೆಲಸ ಸಿಗುತ್ತಿದೆ ಎಂದು ಇದರ ಅರ್ಥವಲ್ಲ. ಖಾಲಿ ಕೂರುವಷ್ಟು ಅನುಕೂಲ ಅವರಿಗಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾರೆ. ಪದವೀಧರನ ಹಿಂದೆ ಇನ್ನೂ ಎರಡು ವರ್ಷ ದುಡ್ಡು ಕಳಿಸಲು ತಯಾರಿರುವ ಅಪ್ಪ ಇದ್ದಾನೆ, ಹೊಲದ ಮೇಲೆ ಸಾಲ ಎತ್ತಿಯಾದರೂ ಸರಿ.

ಇದಕ್ಕೆಲ್ಲ ಕೌಶಲ ತರಬೇತಿಯೇ ಮದ್ದು ಎಂದು ಹೇಳುತ್ತ ಬಂದದ್ದು ಇಂದು ನಿನ್ನೆಯಲ್ಲ. 2009ರ ರಾಷ್ಟ್ರೀಯ ಕೌಶಲ ನೀತಿ 2022ರೊಳಗೆ 50 ಕೋಟಿ ಜನರನ್ನು ಪಳಗಿಸುವ ಗುರಿ ಇಟ್ಟಿತ್ತು. 2015ರ ಜುಲೈನಲ್ಲಿ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ ಬಂತು. 2023-24ರ ಆರ್ಥಿಕ ಸಮೀಕ್ಷೆಯನ್ನು ತೆರೆದರೆ, 15ರಿಂದ 29 ವಯಸ್ಸಿನವರಲ್ಲಿ ಔಪಚಾರಿಕ ವೃತ್ತಿ ತರಬೇತಿ ಪಡೆದವರು ಶೇ 4.4 ಮಾತ್ರ. ಕೌಶಲ ಯೋಜನೆಯ ಮೊದಲ ಮೂರು ಹಂತಗಳಲ್ಲಿ ಅಲ್ಪಾವಧಿ ತರಬೇತಿ ಪಡೆದು ಪಾಸಾದ ನೂರು ಜನರಲ್ಲಿ ಕೆಲಸಕ್ಕೆ ಸೇರಿದವರು ಸುಮಾರು 43.

ಈ 43ನ್ನು ಕೂಡ ಮುಖಬೆಲೆಗೆ ತೆಗೆದುಕೊಳ್ಳಬಾರದು. ಜ್ವರಕ್ಕೆ ಮಾತ್ರೆ ನುಂಗಿದ ಹತ್ತು ಜನರಲ್ಲಿ ಎಂಟು ಜನ ಗುಣವಾದರೆ ಅಷ್ಟೂ ಮಾತ್ರೆಯ ಗುಣವೇ? ಆರು ಜನರಿಗೆ ಮನೆಯಲ್ಲಿ ಮಲಗಿದ್ದರೂ ಜ್ವರ ಬಿಡುತ್ತಿತ್ತೇನೋ. ತರಬೇತಿಯನ್ನು ಅಳೆಯುವುದೂ ಹೀಗೆಯೇ: ಅರ್ಜಿ ಹಾಕಿದವರಲ್ಲಿ ಲಾಟರಿ ಎತ್ತಿ ಕೆಲವರಿಗೆ ತರಬೇತಿ ಕೊಡಬೇಕು, ಉಳಿದವರಿಗೆ ಕೊಡಬಾರದು, ಆಮೇಲೆ ಎರಡೂ ಗುಂಪನ್ನು ಹೋಲಿಸಬೇಕು. ಅಭಿವೃದ್ಧಿಶೀಲ ದೇಶಗಳಲ್ಲಿ ನಡೆದ ಇಂಥ ಪರೀಕ್ಷೆಗಳನ್ನೆಲ್ಲ ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ 2017ರಲ್ಲಿ ಒಟ್ಟು ಹಾಕಿದರು. ನೂರು ಜನರಿಗೆ ವೃತ್ತಿ ತರಬೇತಿ ಕೊಟ್ಟರೆ, ಇಲ್ಲದಿದ್ದರೆ ಸಿಗುತ್ತಲೇ ಇರದಿದ್ದ ಕೆಲಸ ಹಿಡಿಯುವವರು ಮೂವರಿಗಿಂತ ಕಡಿಮೆ. ಉಳಿದವರಿಗೆ ಕೆಲಸ ಸಿಗಲಿಲ್ಲ, ಅಥವಾ ತರಬೇತಿ ಇಲ್ಲದೆಯೂ ಸಿಗುತ್ತಿತ್ತು.

ಹಾಗಾದರೆ ತರಬೇತಿಯನ್ನೇ ಕೈಬಿಡಬೇಕೆ? ಉಗಾಂಡ ಬೇರೆ ಮಾತು ಹೇಳುತ್ತದೆ. ಅಲ್ಲಿ ಬಡ ಯುವಕ ಯುವತಿಯರಿಗೆ ಆರು ತಿಂಗಳು ವೃತ್ತಿ ಶಾಲೆಗಳಲ್ಲಿ ಒಂದೊಂದು ಕಸುಬು ಕಲಿಸಿದರು: ಮೋಟಾರು ರಿಪೇರಿ, ಕೊಳಾಯಿ ಕೆಲಸ, ಹೊಲಿಗೆ, ಹೀಗೆ. ಇನ್ನೊಂದು ಗುಂಪನ್ನು ನೇರವಾಗಿ ಅಂಗಡಿ ಗ್ಯಾರೇಜುಗಳಿಗೆ ಕಳಿಸಿ, ಕಲಿಸುವ ಮಾಲೀಕರಿಗೆ ಹಣ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನ ಗಳಿಕೆ ಶೇ 34, ಎರಡನೆಯದರದು ಶೇ 20 ಏರಿತ್ತು. ಮಾಲೀಕನ ಕೈಕೆಳಗೆ ಕಲಿತವನಿಗೆ ಆ ಅಂಗಡಿಯ ರೀತಿ ಗೊತ್ತು, ಅಲ್ಲಿಂದ ಕಳಚಿಕೊಂಡರೆ ಮತ್ತೆ ಮೊದಲಿನಿಂದ. ಕಸುಬನ್ನೇ ಕಲಿತವನು ಒಂದು ಕಡೆ ಕೆಲಸ ಹೋದರೆ ಇನ್ನೊಂದು ಕಡೆ ಬೇಗ ಸೇರುತ್ತಾನೆ. ಆರು ತಿಂಗಳು, ನಿಜವಾದ ಕಸುಬು, ಬೇರೆ ಊರಿನವರೂ ನಂಬುವ ಸರ್ಟಿಫಿಕೇಟು. ಉಗಾಂಡದಿಂದ ನಾನು ಎತ್ತಿಕೊಳ್ಳುವುದು ಈ ಮೂರನ್ನು.

ಕಸುಬು ಕೈಗೆ ಹತ್ತುವುದೆಂದರೇನು ಎಂದು ತಿಳಿಯಬೇಕಾದರೆ ಐಟಿಐಯ ಫಿಟ್ಟರ್ ವಿಭಾಗದಲ್ಲಿ ಒಂದು ಗಂಟೆ ನಿಲ್ಲಬೇಕು. ಅದು ಎರಡು ವರ್ಷದ ಕೋರ್ಸು. ಶುರುವಿನಲ್ಲಿ ಹುಡುಗನ ಕೈಗೆ ಯಂತ್ರವನ್ನೇ ಕೊಡುವುದಿಲ್ಲ. ವೈಸ್‌ನಲ್ಲಿ ಕಬ್ಬಿಣದ ತುಂಡು ಕಚ್ಚಿಸಿ, ಕೈಗೊಂದು ಅರ ಕೊಟ್ಟು, ಉಜ್ಜು ಅನ್ನುತ್ತಾರೆ. ಮುಂದೆ ತಳ್ಳುವಾಗ ಒತ್ತಬೇಕು, ಹಿಂದೆ ಎಳೆಯುವಾಗ ಬಿಡಬೇಕು. ಹೊಸಬರ ಕೈ ತೂಗುತ್ತದೆ, ಹಾಗಾಗಿ ತುಂಡಿನ ಅಂಚುಗಳು ಸವೆದು ನಡುವೆ ಉಬ್ಬು ಉಳಿಯುತ್ತದೆ. ಉಜ್ಜಿದ ಮೇಲೆ ಟ್ರೈ ಸ್ಕ್ವೇರ್ ಕೂರಿಸಿ ಕಿಟಕಿಗೆ ಎತ್ತಿ ಹಿಡಿದು ನೋಡುತ್ತಾರೆ. ಅಂಚಿನಲ್ಲಿ ಬೆಳಕು ಸೋರಿದರೆ ಮತ್ತೆ ಉಜ್ಜು. ಬೆಳಕು ನಿಲ್ಲುವ ಹೊತ್ತಿಗೆ ಭುಜ ನೋಯುತ್ತದೆ, ವಾರಗಳು ಕಳೆದಿರುತ್ತವೆ. ಆದರೆ ಅವನ ಕೈಗೆ ಸಮತಟ್ಟು ಅಂದರೇನು ಎಂದು ಗೊತ್ತಾಗಿರುತ್ತದೆ. ಇನ್ನೂರು ಮುನ್ನೂರು ಗಂಟೆಯ ಕೋರ್ಸಿನಲ್ಲಿ ಇಷ್ಟು ಹೊತ್ತು ಬೆಳಕು ನೋಡುತ್ತ ನಿಲ್ಲಲು ಯಾರಿಗೆ ಪುರಸೊತ್ತು? ಎಷ್ಟೋ ಐಟಿಐಗಳಲ್ಲೂ ಇಂಥ ಮೇಷ್ಟ್ರು ನಿವೃತ್ತರಾಗಿ ಜಾಗ ಖಾಲಿ ಬಿದ್ದಿದೆ ಅನ್ನುವುದು ಬೇರೆ ಸಂಕಟ.

ಬಿಹಾರ, ಜಾರ್ಖಂಡ್‌ಗಳಲ್ಲಿ ಗ್ರಾಮೀಣ ಯುವಕರ ತರಬೇತಿಯ ಬಗ್ಗೆ ನಡೆದ ಪ್ರಯೋಗವೊಂದು ನನಗೆ ಬಹಳ ಹಿಡಿಸಿತು, ಏಕೆಂದರೆ ಅದಕ್ಕೆ ಹೆಚ್ಚು ಖರ್ಚೇ ಇಲ್ಲ. ಮುಂದೆ ಸಿಗುವ ಕೆಲಸ ಎಂಥದು ಎಂದು ಕೆಲವು ತಂಡಗಳನ್ನು ಎರಡು ಬಾರಿ ಕೂರಿಸಿ ಹೇಳಿದರು, ಅಷ್ಟೇ. ಅತಿಯಾಸೆ ಇಟ್ಟುಕೊಂಡಿದ್ದವರು ಕೆಲಸಕ್ಕೆ ಕಳಿಸುವ ಮೊದಲೇ ಬಿಟ್ಟುಹೋದರು. ಒಟ್ಟಿನಲ್ಲಿ ಆ ತಂಡಗಳವರು ಕೆಲಸದಲ್ಲಿ ಉಳಿಯುವ ಸಂಭವ ಶೇ 17 ಹೆಚ್ಚಿತು. ಕೊಪ್ಪಳದ ಹುಡುಗನಿಗೂ ಬೆಂಗಳೂರಿನ ಬಾಡಿಗೆ ಎಷ್ಟು ಎಂದು ಯಾರಾದರೂ ಮೊದಲೇ ಹೇಳಬಹುದಿತ್ತು.

ಇನ್ನು ಮುಂದೆ ಬರುವ ಕೇಡಿನ ಮಾತು. ಆರ್ಥಿಕ ಸಮೀಕ್ಷೆಯೇ ಹೇಳುವಂತೆ 2030ರವರೆಗೆ ಪ್ರತಿ ವರ್ಷ ಕೃಷಿಯ ಹೊರಗೆ ಸರಾಸರಿ 78.5 ಲಕ್ಷ ಕೆಲಸಗಳು ಹುಟ್ಟಬೇಕು. ತರಬೇತಿ ಕೇಂದ್ರಗಳು ಕೆಲಸ ಹುಟ್ಟಿಸುವುದಿಲ್ಲ, ಇರುವ ಕೆಲಸಕ್ಕೆ ಜನರನ್ನು ಹೊಂದಿಸುತ್ತವೆ. ಹೊಂದಿಸುತ್ತಿರುವುದಾದರೂ ಎಂಥ ಕೆಲಸಕ್ಕೆ? ಕಡಿಮೆ ಖರ್ಚಿನಲ್ಲಿ ಕಲಿಸಬಹುದಾದದ್ದು ಡೇಟಾ ಎಂಟ್ರಿ. ಹತ್ತು ಕಂಪ್ಯೂಟರ್, ಒಬ್ಬ ಮೇಷ್ಟ್ರು ಸಾಕು, ಲೇತು ಬೇಡ, ವೆಲ್ಡಿಂಗ್ ಸೆಟ್ಟು ಬೇಡ. ಕೃತಕ ಬುದ್ಧಿಮತ್ತೆ ಯಾವ ಕೆಲಸಗಳಿಗೆ ಮೊದಲು ಕೈ ಹಾಕೀತು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಲೆಕ್ಕ ಹಾಕಿದಾಗ ಮೊದಲ ಸಾಲಿನಲ್ಲಿ ನಿಂತದ್ದು ಗುಮಾಸ್ತಗಿರಿ. ಅದರ ಕೆಲಸಗಳಲ್ಲಿ ಶೇ 24 ತೀವ್ರವಾಗಿ, ಇನ್ನೂ ಶೇ 58 ಸಾಧಾರಣ ಮಟ್ಟದಲ್ಲಿ ಕೃತಕ ಬುದ್ಧಿಮತ್ತೆಯ ಬಾಯಿಗೆ ಒಡ್ಡಿಕೊಂಡಿವೆ. ಗುಂಡಿ ತೋಡಿ ಅದರತ್ತಲೇ ಮಕ್ಕಳ ಸಾಲು ಹೊರಡಿಸಿದ ಹಾಗಾಗಿದೆ.

ಕಾಲವೂ ಕೈಯಲ್ಲಿಲ್ಲ. ದೇಶದ ಜನಸಂಖ್ಯೆಯಲ್ಲಿ ಯುವಜನರ ಪಾಲು 2021ರಲ್ಲಿ ಶೇ 27 ಇದ್ದದ್ದು 2036ಕ್ಕೆ ಶೇ 23ಕ್ಕೆ ಇಳಿಯಲಿದೆ. ಅರವತ್ತು ದಾಟಿದವರ ಪಾಲು 2022ರ ಶೇ 10.5ರಿಂದ 2050ಕ್ಕೆ ಶೇ 20.8 ಆಗುತ್ತದೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ದಕ್ಷಿಣದ ರಾಜ್ಯಗಳಿಗೆ ಮುಪ್ಪು ಮೊದಲು ಬರುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಈಗ ಮೂವತ್ತು ದಾಟಿ ರೀಡಿಂಗ್ ರೂಮಿನಲ್ಲಿ ಕೂತವರು 2050ಕ್ಕೆ ಅರವತ್ತರ ಹೊಸ್ತಿಲಲ್ಲಿರುತ್ತಾರೆ. ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಕಸುಬಿಲ್ಲ, ನೋಡಿಕೊಳ್ಳಲು ಮಕ್ಕಳೂ ಕಡಿಮೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಇವರಿಗೆ ಕುಡಿಕೆಯೇ ಇರುವುದಿಲ್ಲ.

ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ಕೊಡುವ ನಮ್ಮ ಯುವನಿಧಿ ಹೆಚ್ಚೆಂದರೆ ಎರಡು ವರ್ಷದ ಆಸರೆ. ಪಿಜಿ ಬಾಡಿಗೆಗೆ ಆದೀತು. ಕಸುಬು ಕಲಿಸುವುದು ಬೇರೆಯದೇ ಕೆಲಸ.

ಕೌಶಲ ಯೋಜನೆಯ ನಾಲ್ಕನೆಯ ಹಂತದಲ್ಲಿ ತರಬೇತಿ ಪಡೆದವರು ಕೆಲಸಕ್ಕೆ ಸೇರಿದರೋ ಇಲ್ಲವೋ ಎಂದು ಮೊದಲಿನಂತೆ ಲೆಕ್ಕ ಇಡುವುದನ್ನೇ ಕೈಬಿಡಲಾಗಿದೆ. ಸರ್ಕಾರ ಕೇಳದ ಪ್ರಶ್ನೆಯನ್ನು ಇನ್ನು ಮನೆಯವರೇ ಕೇಳಬೇಕು. ಮಗನನ್ನೋ ಮಗಳನ್ನೋ ಯಾವುದೇ ತರಬೇತಿ ಕೇಂದ್ರಕ್ಕೆ ಸೇರಿಸುವ ಮೊದಲು ಕಚೇರಿಯಲ್ಲಿ ಕೂತು, ಕಳೆದ ವರ್ಷದ ಬ್ಯಾಚಿನ ಐದು ಜನರ ಫೋನ್ ನಂಬರು ಕೇಳಿ. ಫೋನು ಮಾಡಿ, ಈಗ ಎಲ್ಲಿದ್ದಾರೆ, ಬಾಡಿಗೆ ಕಟ್ಟಿ ಕೈಯಲ್ಲೇನು ಉಳಿಯುತ್ತದೆ ಎಂದು ವಿಚಾರಿಸಿ. ನಂಬರು ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.